ಒಂಬತ್ತನೇ ಇಂಗಾಲ: ಫ್ಲೂರೀನ್ ಏನೇನು ಕೆಲಸ ಮಾಡುತ್ತದೆ, ಆಮೇಲೆ ಎಲ್ಲಿಗೆ ಹೋಗುತ್ತದೆ

(ವಿಜ್ಞಾನದ ವಿದ್ಯಾರ್ಥಿಗಳಿಗೂ ಊರಿನ ಆಸಕ್ತರಿಗೂ ಸೇರಿಸಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಹಾಕಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ಸಣ್ಣ ಸೀಸೆ ಇವೆ. ಒಂದರಲ್ಲಿ ಬಿಳಿ ಹರಳು, ಇನ್ನೊಂದರಲ್ಲಿ ಹಳದಿ ಹರಳು. ಬಿಳಿಯದು ಫ್ಲೂರೀನ್, ಹಳದಿಯದು ಫ್ಲೂರಿನೋನ್. ಇವೆರಡರ ನಡುವಿನ ವ್ಯತ್ಯಾಸ ಬಹಳ ಸಣ್ಣದು. ಎರಡು ಹೈಡ್ರೋಜನ್ ಹೋಗಿ, ಆ ಜಾಗದಲ್ಲಿ ಒಂದು ಆಮ್ಲಜನಕ ಬಂದು ಕೂತಿದೆ, ಅಷ್ಟೇ. ಅಷ್ಟಕ್ಕೇ ಬಿಳಿ ಹೋಗಿ ಹಳದಿ ಆಯಿತು. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದೆಲ್ಲ ಆ ಒಂದು ಜಾಗದ ಸುತ್ತ ಇದೆ.

ಮೊದಲೇ ಹೇಳಿಬಿಡುತ್ತೇನೆ, ಇದು ಫ್ಲೋರೈಡಿನ ವಿಷಯ ಅಲ್ಲ. ಪಾವಗಡ, ಕೋಲಾರದ ಕಡೆ ಬೋರ್‌ವೆಲ್ ನೀರಿನಲ್ಲಿ ಬಂದು ಹಲ್ಲು, ಮೂಳೆ ಹಾಳು ಮಾಡುತ್ತದಲ್ಲ, ಅದು ಬೇರೆ. ನಮ್ಮ ಫ್ಲೂರೀನಿನಲ್ಲಿ ಫ್ಲೋರಿನ್ ಒಂದು ಪರಮಾಣುವೂ ಇಲ್ಲ. 13 ಇಂಗಾಲ, 10 ಹೈಡ್ರೋಜನ್, ಮುಗೀತು.

1867ರಲ್ಲಿ ಫ್ರಾನ್ಸಿನ ಮಾರ್ಸೆಲಿನ್ ಬರ್ತಲೋ ಇದನ್ನು ಕಲ್ಲಿದ್ದಲಿನ ಟಾರಿನಿಂದ ಬೇರ್ಪಡಿಸಿದ. ಹರಳು ನೇರಳೆ ಬಣ್ಣದಲ್ಲಿ ಮಿನುಗುತ್ತಿತ್ತು, ಹೆಸರು ಬಂದಿದ್ದು ಆ ಮಿನುಗಿನಿಂದಲೇ. ಇವತ್ತಿಗೂ ಇದರ ಮುಖ್ಯ ಮೂಲ ಕಲ್ಲಿದ್ದಲಿನ ಟಾರೇ. ಉಕ್ಕು ಮಾಡಲು ಕೋಕ್ ಬೇಕು, ನಮ್ಮ ಬಳ್ಳಾರಿ ಕಡೆಯ ತೋರಣಗಲ್ಲಿನಲ್ಲೂ ಅಷ್ಟೇ. ಕೋಕ್ ಮಾಡಬೇಕಾದರೆ ಕಲ್ಲಿದ್ದಲನ್ನು ಗಾಳಿ ತಾಗದ ಹಾಗೆ ಮುಚ್ಚಿ 1000 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಆಗ ಹೊರಬರುವ ಹೊಗೆಯನ್ನು ತಣಿಸಿದರೆ ಕಪ್ಪು, ಗಟ್ಟಿ ವಾಸನೆಯ ಟಾರು ಸಿಗುತ್ತದೆ. ಅದರಲ್ಲಿ ನುಸಿಗುಳಿಗೆಯ ನ್ಯಾಫ್ತಲೀನ್ ಇರುತ್ತದೆ, ಆಂಥ್ರಸೀನ್ ಇರುತ್ತದೆ, ನೂರಕ್ಕೆ ಒಂದೆರಡು ಪಾಲು ಫ್ಲೂರೀನೂ ಇರುತ್ತದೆ. ನೂರಾರು ವಸ್ತುಗಳ ಮಿಶ್ರಣ ಅದು. ಈಗ ರಸ್ತೆಗೆ ಹಾಕುವ ಡಾಂಬರು ಇದಲ್ಲ ಅನ್ನುವುದೂ ನೆನಪಿರಲಿ. ಅದು ಪೆಟ್ರೋಲಿಯಂನಿಂದ ಬರುವ ಬಿಟುಮಿನ್, ಅದರಲ್ಲಿ ಈ ಬಗೆಯ ವಸ್ತುಗಳು ತುಂಬಾ ಕಡಿಮೆ.

ಅಣುವಿನ ಆಕಾರ ನೋಡಿ. ಆ ಕಡೆ ಒಂದು ಬೆಂಜೀನ್ ಉಂಗುರ, ಈ ಕಡೆ ಒಂದು. ಎರಡನ್ನೂ ಒಂದು ಬಂಧ ನೇರವಾಗಿ ಜೋಡಿಸಿದೆ. ಅದು ಸಾಲದು ಅಂತ ಇನ್ನೊಂದು ಇಂಗಾಲ ಎರಡೂ ಉಂಗುರಗಳಿಗೆ ಸೇತುವೆ ಹಾಕಿದೆ. ಆ ಸೇತುವೆಯ ಇಂಗಾಲಕ್ಕೆ 9 ಅನ್ನುವ ನಂಬರು. ಅದಕ್ಕೆ ಎರಡು ಹೈಡ್ರೋಜನ್ ಅಂಟಿಕೊಂಡಿವೆ. ಆ ಸೇತುವೆ ಇರುವುದರಿಂದ ಎರಡು ಉಂಗುರಗಳೂ ತಿರುಗಲಾಗದೆ ಒಂದೇ ಸಮತಲದಲ್ಲಿ ಚಪ್ಪಟೆಯಾಗಿ ನಿಲ್ಲುತ್ತವೆ. ಬೆಳಕನ್ನು ಚೆನ್ನಾಗಿ ಸೂಸುವುದಕ್ಕೆ ಈ ಬಿಗಿಯೇ ಕಾರಣ.

ಸಾಮಾನ್ಯವಾಗಿ ಇಂಗಾಲಕ್ಕೆ ಅಂಟಿದ ಹೈಡ್ರೋಜನ್ ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ. ಇಲ್ಲಿ ಹೋಗುತ್ತದೆ. ಒಂಬತ್ತನೇ ಇಂಗಾಲದಿಂದ ಒಂದು ಹೈಡ್ರೋಜನ್ ಪ್ರೋಟಾನಾಗಿ ಹೊರಟರೆ, ಉಳಿದ ಋಣ ವಿದ್ಯುದಂಶ ಎರಡು ಬೆಂಜೀನ್ ಉಂಗುರ, ನಡುವಿನ ಐದು ಮೂಲೆಯ ಉಂಗುರ, ಹೀಗೆ ಮೂರೂ ಉಂಗುರಗಳಲ್ಲಿ ಹರಡಿಕೊಂಡು ನೆಮ್ಮದಿಯಾಗಿರುತ್ತದೆ. ಸೇತುವೆ ಇದ್ದೂ ಉಂಗುರಗಳ ನಡುವೆ ನೇರ ಬಂಧ ಇಲ್ಲದ ಇದರ ನೆಂಟ ಡೈಫಿನೈಲ್‌ಮೀಥೇನ್ ಜೊತೆ ಹೋಲಿಸಿ. ಡೈಮೀಥೈಲ್ ಸಲ್ಫಾಕ್ಸೈಡ್ ದ್ರಾವಣದಲ್ಲಿ ಅಳೆದರೆ ಅದರ ಪಿಕೆಎ 32ರ ಆಸುಪಾಸು, ಫ್ಲೂರೀನಿನದು 22.6. ಪಿಕೆಎ ಅನ್ನುವುದು ಆಮ್ಲೀಯತೆಯ ಅಳತೆ, ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರಿತು ಅಂತ ಲೆಕ್ಕ. ಅಂದರೆ ಫ್ಲೂರೀನ್ ಸುಮಾರು 400 ಕೋಟಿ ಪಟ್ಟು ಜಾಸ್ತಿ ಆಮ್ಲೀಯ. ಇದರ ಉಪಯೋಗಗಳಲ್ಲಿ ಹೆಚ್ಚಿನವು, ಇದು ಕೆಡುವುದು, ಮಣ್ಣಿನಲ್ಲಿ ಒಡೆದು ಹೋಗುವುದು, ಎಲ್ಲವೂ ಈ ಜಾಗದಿಂದ ಶುರುವಾಗುತ್ತವೆ. ನಾನು ಇವತ್ತು ವಾದ ಅಂತ ಏನಾದರೂ ಮಂಡಿಸುತ್ತಿದ್ದರೆ ಅದು ಇಷ್ಟು: ಈ ಜಾಗವನ್ನು ನಮ್ಮ ಅನುಕೂಲಕ್ಕೆ ಮುಚ್ಚುವಾಗ, ಆ ವಸ್ತುವಿನ ಕೊನೆ ಹೇಗೆ ಅನ್ನುವ ಪ್ರಶ್ನೆಯನ್ನು ಅದೇ ದಿನ, ಅದೇ ಲ್ಯಾಬಿನಲ್ಲಿ ಕೇಳಬೇಕು. ಹತ್ತು ಇಪ್ಪತ್ತು ವರ್ಷ ಬಿಟ್ಟು ಕೇಳಿದರೆ ತಡವಾಗಿರುತ್ತದೆ.

ಮೊದಲು ಔಷಧಿಯಿಂದ ಶುರು ಮಾಡೋಣ.

ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಪೋಣಿಸಿದ ಸರ. ಕಾರ್ಖಾನೆಯಲ್ಲಿ ಪೋಣಿಸುವಾಗ ಒಂದು ತೊಂದರೆ ಇದೆ. ಅಮೈನೋ ಆಮ್ಲದ ಎರಡೂ ತುದಿ ಚುರುಕು. ಸುಮ್ನೆ ಬಿಟ್ಟರೆ ಯಾವುದು ಯಾವುದಕ್ಕೆ ಬೇಕಾದರೂ ಅಂಟಿಕೊಳ್ಳುತ್ತದೆ. ಅದಕ್ಕೆ ಒಂದು ತುದಿಗೆ ಮುಚ್ಚಳ ಹಾಕಬೇಕು, ಪೋಣಿಸಿದ ಮೇಲೆ ತೆಗೆಯಬೇಕು. 1963ರಲ್ಲಿ ಅಮೆರಿಕದ ಬ್ರೂಸ್ ಮೆರಿಫೀಲ್ಡ್ ಸಣ್ಣ ರಾಳದ ಮಣಿಗಳ ಮೇಲೆ ಈ ಸರ ಬೆಳೆಸುವ ದಾರಿ ತೋರಿಸಿದರು, 1984ರಲ್ಲಿ ಅವರಿಗೆ ನೊಬೆಲ್ ಬಂತು. ಆ ದಾರಿಯಲ್ಲಿ ಮುಚ್ಚಳ ತೆಗೆಯಲು ಆಮ್ಲ ಬೇಕಿತ್ತು. ಕೊನೆಗೆ ಸರವನ್ನು ಮಣಿಯಿಂದ ಬಿಡಿಸಲು ಹೈಡ್ರೋಜನ್ ಫ್ಲೋರೈಡ್ ಬಳಸುತ್ತಿದ್ದರು, ಗಾಜನ್ನೇ ತಿನ್ನುವ ಅಪಾಯಕಾರಿ ವಸ್ತು ಅದು.

1970ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಲೂಯಿ ಕಾರ್ಪಿನೊ ಮತ್ತು ಗ್ರೇಸ್ ಹಾನ್ ಬೇರೆ ಮುಚ್ಚಳ ತಂದರು. ಹೆಸರು ಎಫ್‌ಮಾಕ್. ಅದರ ತಲೆ ಫ್ಲೂರೀನ್. ಒಂಬತ್ತನೇ ಇಂಗಾಲದ ಮೇಲೆ ಒಂದು ಹೈಡ್ರೋಜನ್ ಉಳಿಸಿ, ಇನ್ನೊಂದರ ಜಾಗದಲ್ಲಿ ಅಮೈನೋ ಆಮ್ಲಕ್ಕೆ ಹಿಡಿದುಕೊಳ್ಳುವ ಬಾಲ ಕಟ್ಟಿದರು. ಪಿಪೆರಿಡೀನ್ ಅನ್ನುವ ಮೃದುವಾದ ಪ್ರತ್ಯಾಮ್ಲ ಹಾಕಿದರೆ ಸಾಕು, ಅದು ಆ ಉಳಿದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಮುಚ್ಚಳ ತಾನಾಗಿಯೇ ಕಳಚಿ ಬೀಳುತ್ತದೆ. ಬಿದ್ದ ತುಂಡು 300 ನ್ಯಾನೋಮೀಟರ್ ಹತ್ತಿರದ ನೇರಳಾತೀತ ಬೆಳಕು ಹೀರುವುದರಿಂದ, ಎಷ್ಟು ಮುಚ್ಚಳ ಕಳಚಿತು ಅಂತ ಅಳೆದು ನೋಡಬಹುದು. ಇವತ್ತು ಪೆಪ್ಟೈಡ್ ಲ್ಯಾಬಿಗೆ ಹೋದರೆ ಬಹುಪಾಲು ಕಡೆ ಇದೇ ವಿಧಾನ. ಎಚ್‌ಐವಿಗೆ ಕೊಡುವ ಎನ್‌ಫ್ಯುವರ್ಟೈಡ್, 36 ಅಮೈನೋ ಆಮ್ಲಗಳ ಸರ, 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು, ಅದನ್ನೂ ಎಫ್‌ಮಾಕ್ ದಾರಿಯಲ್ಲೇ ದೊಡ್ಡ ಪ್ರಮಾಣದಲ್ಲಿ ಮಾಡಿದರು.

ಈಗ ಕಸದ ಬುಟ್ಟಿ ನೋಡಿ. ಗ್ಲೈಸೀನ್ ಅನ್ನುವ ಅತಿ ಸಣ್ಣ ಅಮೈನೋ ಆಮ್ಲದ ಅಣುತೂಕ 75. ಅದಕ್ಕೆ ಹಾಕುವ ಮುಚ್ಚಳ ಸೇರಿಸುವ ತೂಕ 222. ಮುಚ್ಚಳವೇ ಮೂರು ಪಟ್ಟು ಭಾರ. ಪ್ರತಿ ಹೆಜ್ಜೆಗೂ ಒಂದು ಫ್ಲೂರೀನ್ ತುಂಡು ಕಸಕ್ಕೆ ಹೋಗುತ್ತದೆ. 36 ಅಮೈನೋ ಆಮ್ಲದ ಸರಕ್ಕೆ ಹತ್ತಿರಹತ್ತಿರ ಅಷ್ಟೇ ತುಂಡು. ಜೊತೆಗೆ ಡೈಮೀಥೈಲ್ ಫಾರ್ಮಮೈಡ್ ಅನ್ನುವ ದ್ರಾವಕ ಕೊಡಗಟ್ಟಲೆ ಬೇಕು. ಅದು ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಹುದು ಅಂತ ಯೂರೋಪಿನಲ್ಲಿ 2023ರ ಡಿಸೆಂಬರಿನಿಂದ ಅದರ ಬಳಕೆಗೆ ಕಡಿವಾಣ ಬಿದ್ದಿದೆ. ತೂಕ ಇಳಿಸುವ ಪೆಪ್ಟೈಡ್ ಔಷಧಿಗಳ ಬೇಡಿಕೆ ಏರುತ್ತಿರುವ ಈ ಹೊತ್ತಿನಲ್ಲಿ ಈ ಕಸದ ಮಾತು ಜಾಸ್ತಿ ಆಗಬೇಕು. ಔಷಧಿಯ ಬೆಲೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅದರ ಹಿಂದೆ ಬಿದ್ದ ದ್ರಾವಕದ ಬಗ್ಗೆ ಯಾರೂ ಕೇಳುವುದಿಲ್ಲ.

ಇನ್ನೊಂದು ಔಷಧಿ ಲ್ಯೂಮೆಫ್ಯಾಂಟ್ರೀನ್. ಚೀನಾದಲ್ಲಿ ಕಂಡುಹಿಡಿದ ಮಲೇರಿಯಾ ಔಷಧಿ. ಆರ್ಟೆಮೀಥರ್ ಜೊತೆ ಸೇರಿಸಿದ ಮಾತ್ರೆಯಾಗಿ ಬರುತ್ತದೆ. ಫಾಲ್ಸಿಪರಂ ಮಲೇರಿಯಾಕ್ಕೆ ಪ್ರಪಂಚದಲ್ಲೇ ಅತಿ ಹೆಚ್ಚು ಬಳಸುವ ಜೋಡಿಗಳಲ್ಲಿ ಇದೂ ಒಂದು, ನಮ್ಮ ಈಶಾನ್ಯ ರಾಜ್ಯಗಳಲ್ಲಿ ಸರ್ಕಾರ ಕೊಡುವುದೂ ಇದನ್ನೇ. ಇದರ ನಡುವಿನಲ್ಲಿರುವುದು ಕ್ಲೋರಿನ್ ಅಂಟಿಸಿದ ಫ್ಲೂರೀನ್. ಒಂಬತ್ತನೇ ಇಂಗಾಲಕ್ಕೆ ಜೋಡಿಬಂಧದಲ್ಲಿ ಇನ್ನೊಂದು ಉಂಗುರ ಕಟ್ಟಿದ್ದಾರೆ. ಕೊಬ್ಬಿನಲ್ಲಿ ಕರಗುವ ಗುಣ ಇದಕ್ಕೆ ಎಷ್ಟು ಅಂದರೆ, ಮಾತ್ರೆಯನ್ನು ಹಾಲಿನ ಜೊತೆಗೋ ಊಟದ ಜೊತೆಗೋ ತೆಗೆದುಕೊಳ್ಳಿ ಅಂತ ಡಾಕ್ಟರು ಹೇಳುತ್ತಾರೆ. ಬರಿ ಹೊಟ್ಟೆಯಲ್ಲಿ ನುಂಗಿದರೆ ರಕ್ತಕ್ಕೆ ಸರಿಯಾಗಿ ಇಳಿಯುವುದಿಲ್ಲ.

ಈಗ ಬೆಳಕಿಗೆ ಬರೋಣ. ಇದು ನನಗೆ ತುಂಬಾ ಇಷ್ಟದ ಭಾಗ.

ಒಂಟಿ ಫ್ಲೂರೀನ್ ಸೂಸುವ ಬೆಳಕಿನ ಬಹುಪಾಲು 300ರಿಂದ 320 ನ್ಯಾನೋಮೀಟರ್ ನಡುವೆ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಆದರೆ ಫ್ಲೂರೀನುಗಳನ್ನು ಸಾಲಾಗಿ ಜೋಡಿಸುತ್ತಾ ಹೋದರೆ ಬೆಳಕು ಕಾಣುವ ಕಡೆಗೆ ಸರಿಯುತ್ತದೆ. ಉದ್ದ ಸರಪಳಿ ಆದಾಗ ಒಳ್ಳೆಯ ನೀಲಿ ಸಿಗುತ್ತದೆ. ಅದೇ ಪಾಲಿಫ್ಲೂರೀನ್. ಬರಿ ಸರಪಳಿ ಯಾವ ದ್ರಾವಕದಲ್ಲೂ ಕರಗುವುದಿಲ್ಲ. ಅದಕ್ಕೇ ಒಂಬತ್ತನೇ ಇಂಗಾಲದ ಎರಡೂ ಹೈಡ್ರೋಜನ್ ತೆಗೆದು ಅಲ್ಲಿಗೆ ಎರಡು ಉದ್ದ ಬಾಲ ಕಟ್ಟುತ್ತಾರೆ. ಆರು ಇಂಗಾಲದ್ದೋ ಎಂಟು ಇಂಗಾಲದ್ದೋ. ಆಗ ಕರಗುತ್ತದೆ, ಗಾಜಿನ ಮೇಲೆ ತೆಳುವಾಗಿ ಹರಡಬಹುದು. ಇಂಥ ಕರಗುವ ಪಾಲಿಫ್ಲೂರೀನನ್ನು ಜಪಾನಿನ ಒಸಾಕಾದಲ್ಲಿ 1980ರ ದಶಕದ ಕೊನೆಯಲ್ಲಿ ಮಾಡಿದರು, 1991ರಲ್ಲಿ ಅದರಿಂದ ನೀಲಿ ಬೆಳಕಿನ ಡಯೋಡೂ ಬಂತು. ಅದಕ್ಕೆ ಒಂದು ವರ್ಷ ಮುಂಚೆ ಕೇಂಬ್ರಿಜ್‌ನಲ್ಲಿ ಬೇರೊಂದು ಪಾಲಿಮರಿನಿಂದ ಬೆಳಕು ಬರಿಸಿದ್ದರು, ಅದು ಹಸಿರು ಹಳದಿ ಬೆಳಕು. ನೀಲಿ ಕಷ್ಟದ ಬಣ್ಣ, ಎಲ್ಲರಿಗೂ ಬೇಕಾಗಿದ್ದ ಬಣ್ಣ.

ಆದರೆ ಈ ನೀಲಿ ಉಳಿಯಲಿಲ್ಲ. ಸಾಧನವನ್ನು ಸ್ವಲ್ಪ ಹೊತ್ತು ಉರಿಸಿದರೆ, ಅಥವಾ ಗಾಳಿಯಲ್ಲಿ ಬಿಸಿ ಮಾಡಿದರೆ, ಬೆಳಕು ಮೆಲ್ಲಗೆ ಹಸಿರಿಗೆ ತಿರುಗುತ್ತಿತ್ತು. 530 ನ್ಯಾನೋಮೀಟರ್ ಸುತ್ತಮುತ್ತ ಒಂದು ಅಗಲವಾದ ಹಸಿರು ಪಟ್ಟಿ ಎದ್ದು ಬರುತ್ತಿತ್ತು. ಯಾಕೆ? ಸರಪಳಿಗಳು ಒಂದರ ಮೇಲೊಂದು ಒತ್ತಿಕೊಂಡು ಹೀಗಾಗುತ್ತಿದೆ ಅಂತ ಬಹಳ ಜನ ನಂಬಿದ್ದರು. 2002ರಲ್ಲಿ ಎಮಿಲ್ ಲಿಸ್ಟ್, ಉಲ್ರಿಶ್ ಶೆರ್ಫ್ ಮತ್ತು ಜೊತೆಗಾರರು ಬೇರೆ ಕಾರಣ ತೋರಿಸಿದರು. ಸರಪಳಿ ಮಾಡುವಾಗ ಅಲ್ಲೊಂದು ಇಲ್ಲೊಂದು ಘಟಕದಲ್ಲಿ ಎರಡು ಬಾಲದ ಬದಲು ಒಂದೇ ಬಾಲ ಕಟ್ಟಿಕೊಂಡು, ಒಂಬತ್ತನೇ ಇಂಗಾಲದ ಮೇಲೆ ಒಂದು ಹೈಡ್ರೋಜನ್ ಉಳಿದುಬಿಟ್ಟಿರುತ್ತದೆ. ಆಮ್ಲಜನಕ ಹುಡುಕಿಕೊಂಡು ಹೋಗಿ ಹಿಡಿಯುವುದು ಅದನ್ನೇ. ಆ ಘಟಕ ಫ್ಲೂರಿನೋನ್ ಆಗುತ್ತದೆ. ಇಲ್ಲಿದೆಯಲ್ಲ ಈ ಹಳದಿ, ಅದೇ. ಇಡೀ ಸರಪಳಿಯಲ್ಲಿ ಹಾರಾಡುವ ಶಕ್ತಿ ಈ ಒಂದು ಗುಂಡಿಗೆ ಬಂದು ಬೀಳುತ್ತದೆ. ಆದ್ದರಿಂದ ನೂರಾರು ಘಟಕಗಳಲ್ಲಿ ಒಂದೆರಡು ಕೆಟ್ಟರೂ ಸಾಕು, ನೀಲಿ ಹೋಗಿ ಹಸಿರಾಗುತ್ತದೆ.

ಪರಿಹಾರ ಏನು? ಆ ಜಾಗವನ್ನು ಇನ್ನೂ ಭದ್ರವಾಗಿ ಮುಚ್ಚುವುದು. ಒಂದು ಬಾಲದ ಕಲ್ಮಶವನ್ನು ಪೂರ್ತಿ ತೆಗೆದು ಶುದ್ಧ ಮಾಡಿದರು. ಬಾಲದ ಬದಲು ಬೆಂಜೀನ್ ಉಂಗುರಗಳನ್ನೇ ಕಟ್ಟಿದರು. ಇಲ್ಲವೇ ಎರಡು ಫ್ಲೂರೀನುಗಳು ಒಂದೇ ಒಂಬತ್ತನೇ ಇಂಗಾಲವನ್ನು ಹಂಚಿಕೊಳ್ಳುವ ಹಾಗೆ ಮಾಡಿದರು. ಈ ಕೊನೆಯದಕ್ಕೆ ಸ್ಪೈರೊಬೈಫ್ಲೂರೀನ್ ಅಂತಾರೆ. 1930ರಲ್ಲೇ ಅಮೆರಿಕದಲ್ಲಿ ಕ್ಲಾರ್ಕ್ಸನ್ ಮತ್ತು ಮೋಸೆಸ್ ಗೋಂಬರ್ಗ್ ಮಾಡಿಟ್ಟಿದ್ದ ಅಣು ಅದು. ಎರಡು ಹಲಗೆಗಳು ಒಂದಕ್ಕೊಂದು ಲಂಬವಾಗಿ ನಿಲ್ಲುವುದರಿಂದ ಹರಳುಗಟ್ಟಲು ಒದ್ದಾಡುತ್ತದೆ, ಗಾಜಿನ ಹಾಗೆ ನಯವಾದ ಪದರವಾಗಿ ಉಳಿಯುತ್ತದೆ. 1998ರಲ್ಲಿ ಸ್ವಿಟ್ಜರ್ಲೆಂಡಿನ ಗ್ರೆಟ್ಸೆಲ್ ತಂಡದವರು ಇದರ ಒಂದು ರೂಪವನ್ನು, ಸ್ಪೈರೊ-ಒಮೆಟ್ಯಾಡ್ ಅನ್ನುವುದನ್ನು, ಸೌರಕೋಶದಲ್ಲಿ ಬಳಸಿದರು. 2012ರಲ್ಲಿ ಪೆರೊವ್‌ಸ್ಕೈಟ್ ಅನ್ನುವ ಬಗೆಯ ಹರಳು ಬಳಸುವ ಸೌರಕೋಶಗಳ ಭರಾಟೆ ಶುರುವಾದಾಗ ಎಲ್ಲರೂ ಕೈಹಾಕಿದ್ದು ಇದಕ್ಕೇ. ನಿಮ್ಮ ಜೇಬಿನಲ್ಲಿರುವ ಮೊಬೈಲಿನದು ಒಎಲ್‌ಇಡಿ ಪರದೆ ಆಗಿದ್ದರೆ, ಅದರ ಪದರಗಳಲ್ಲಿ ಫ್ಲೂರೀನಿನ ಯಾವುದಾದರೂ ಮರಿ ಇರುವ ಸಾಧ್ಯತೆ ತುಂಬಾ ಇದೆ.

ಅದೇ ಮೊಬೈಲಿನ ಕ್ಯಾಮೆರಾ ಲೆನ್ಸಿಗೂ ಬರುತ್ತದೆ. ಒಂಬತ್ತನೇ ಇಂಗಾಲಕ್ಕೆ ಎರಡು ಫೀನಾಲ್ ಉಂಗುರ ಕಟ್ಟಿ, ಅವುಗಳ ಮೂಲಕ ಪಾಲಿಯೆಸ್ಟರ್ ಎಳೆ ಎಳೆಯುತ್ತಾರೆ. ಎಳೆ ಒಂದು ದಿಕ್ಕಿಗೆ ಹೋದರೆ ಫ್ಲೂರೀನ್ ಹಲಗೆ ಅದಕ್ಕೆ ಅಡ್ಡಲಾಗಿ ನಿಲ್ಲುತ್ತದೆ. ಬೆಳಕು ಬೇರೆ ಬೇರೆ ದಿಕ್ಕಿನಲ್ಲಿ ಬೇರೆ ಬೇರೆ ವೇಗದಲ್ಲಿ ಹೋಗಿ ಚಿತ್ರ ಕೆಡುವುದು ಪ್ಲಾಸ್ಟಿಕ್ ಲೆನ್ಸಿನ ದೊಡ್ಡ ತಲೆನೋವು. ಇಲ್ಲಿ ಎಳೆಯ ಪರಿಣಾಮವನ್ನು ಅಡ್ಡ ಹಲಗೆ ಹೊಡೆದುಹಾಕುತ್ತದೆ. ವಕ್ರೀಭವನ ಸೂಚ್ಯಂಕ 1.6ಕ್ಕೂ ಮೇಲೆ ಇರುವುದರಿಂದ ಲೆನ್ಸು ತೆಳುವಾಗಿಯೂ ಇರಬಹುದು. ಈ ಕೆಲಸದಲ್ಲಿ ಮುಂದೆ ಇರುವವರಲ್ಲಿ ಜಪಾನಿನ ಒಸಾಕಾ ಗ್ಯಾಸ್ ಕೆಮಿಕಲ್ಸ್ ಒಂದು. ಗ್ಯಾಸ್ ಕಂಪನಿಗೂ ಲೆನ್ಸಿಗೂ ಏನು ಸಂಬಂಧ ಅನಿಸಬಹುದು. ಕಲ್ಲಿದ್ದಲಿನಿಂದ ಗ್ಯಾಸ್ ತೆಗೆಯುತ್ತಿದ್ದ ಮನೆತನ ಅದು, ಟಾರಿನ ಪರಿಚಯ ಮೊದಲಿಂದಲೂ ಇತ್ತು.

ಇದೇ ಎರಡು ಫೀನಾಲಿನ ವಸ್ತುವಿಗೆ ಬಿಎಚ್‌ಪಿಎಫ್ ಅಂತ ಹೆಸರು. ಪ್ಲಾಸ್ಟಿಕ್ ಮಾಡಲು ಬಳಸುವ ಬಿಪಿಎ (ಬಿಸ್‌ಫೀನಾಲ್ ಎ) ಮೇಲೆ ಜನಕ್ಕೆ ಹೆದರಿಕೆ ಹುಟ್ಟಿ, 2011ರಲ್ಲಿ ಯೂರೋಪಿನವರು ಮಕ್ಕಳ ಹಾಲಿನ ಬಾಟಲಿಯಲ್ಲಿ ಅದನ್ನು ನಿಷೇಧಿಸಿದ ಮೇಲೆ ಎಲ್ಲೆಲ್ಲೂ ಬಿಪಿಎ ಇಲ್ಲ ಅನ್ನುವ ಚೀಟಿ ಬಂತು. ಇಲ್ಲ ಅಂದರೆ ಅದರ ಬದಲು ಏನಿದೆ? 2017ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಹು ಜಿಯಾನ್‌ಯಿಂಗ್ ಅವರ ತಂಡ ಬಿಎಚ್‌ಪಿಎಫ್ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿತು. ಹೆಣ್ಣಿಲಿಗಳಲ್ಲಿ ಅದು ಈಸ್ಟ್ರೋಜೆನ್ ಕೆಲಸಕ್ಕೆ ಅಡ್ಡಿ ಮಾಡುತ್ತದೆ, ಗರ್ಭಕೋಶ ಚಿಕ್ಕದಾಗುತ್ತದೆ, ಮರಿಗಳ ತೂಕ ಕಡಿಮೆ ಆಗುತ್ತದೆ ಅಂತ ಕಂಡರು. ಬಿಪಿಎ ಇಲ್ಲ ಅಂತ ಮಾರುವ ಕೆಲವು ಬಾಟಲಿಗಳಿಂದ ಬಿಸಿನೀರಿಗೆ ಅದು ಇಳಿಯುವುದನ್ನೂ ಅಳೆದರು. ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಕುಡಿಯುವ ಅಭ್ಯಾಸ ಇದ್ದ 100 ಜನರಲ್ಲಿ 7 ಜನರ ರಕ್ತದಲ್ಲಿ ಅದು ಸಿಕ್ಕಿತು. ಇದರಿಂದ ಮನುಷ್ಯರಿಗೆ ಇಂಥದ್ದೇ ಆಗುತ್ತದೆ ಅಂತ ಹೇಳಲಾಗದು. ಆದರೆ ಒಂದನ್ನು ತೆಗೆದು ಅದರ ಅಣ್ಣತಮ್ಮನನ್ನು ತಂದು ಕೂರಿಸುವ ಮುಂಚೆ ಪರೀಕ್ಷೆ ಮಾಡಬೇಕಿತ್ತು ಅಲ್ವಾ? ಮಾರಾಟ ಮೊದಲು, ಪರೀಕ್ಷೆ ಆಮೇಲೆ. ಇದು ನನಗೆ ಸಿಟ್ಟು ತರಿಸುವ ವಿಷಯ.

ಇನ್ನು ಪರಿಸರ. ಕಾರ್ಖಾನೆಯಲ್ಲಿ ಬೇಕಂತ ಮಾಡಿದ್ದು ಒಂದು ಕಡೆ ಇರಲಿ, ಬೇಡವಾಗಿ ಹುಟ್ಟುವ ಫ್ಲೂರೀನೇ ಗಾಳಿಯಲ್ಲಿ ಜಾಸ್ತಿ. ಸೌದೆ ಒಲೆ, ಡೀಸೆಲ್ ಹೊಗೆ, ಕಸಕ್ಕೆ ಹಚ್ಚಿದ ಬೆಂಕಿ, ಊದುಬತ್ತಿ, ಎಲ್ಲಿ ಇಂಗಾಲದ ವಸ್ತು ಪೂರ್ತಿ ಉರಿಯುವುದಿಲ್ಲವೋ ಅಲ್ಲೆಲ್ಲ ಇದು ಹುಟ್ಟುತ್ತದೆ. ಅಮೆರಿಕದ ಪರಿಸರ ಸಂಸ್ಥೆ 1976ರಲ್ಲಿ ಗಮನ ಇಡಬೇಕಾದ 16 ಬಹುಉಂಗುರದ ವಸ್ತುಗಳ ಪಟ್ಟಿ ಮಾಡಿತು, ಅದರಲ್ಲಿ ಫ್ಲೂರೀನೂ ಇದೆ. ಕ್ಯಾನ್ಸರಿನ ವಿಷಯದಲ್ಲಿ ಫ್ಲೂರೀನನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೂರನೇ ಗುಂಪಿಗೆ ಹಾಕಿದೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅನ್ನಲು ಸಾಕಷ್ಟು ಆಧಾರ ಇಲ್ಲ. ಅದೇ ಹೊಗೆಯಲ್ಲಿರುವ ಬೆಂಜೊಪೈರೀನ್ ಮೊದಲನೇ ಗುಂಪು, ಖಚಿತ. ನಮ್ಮ ದೇಶದ 2009ರ ಗಾಳಿಯ ಮಾನದಂಡದಲ್ಲಿ ಮಿತಿ ಇರುವುದು ಅದಕ್ಕೆ, ಘನಮೀಟರಿಗೆ 1 ನ್ಯಾನೋಗ್ರಾಂ.

ಹಾಗಾದರೆ ಫ್ಲೂರೀನ್ ನಿರುಪದ್ರವಿಯೇ? ಇಲ್ಲಿ ಒಂದು ಕಥೆ ಹೇಳಲೇಬೇಕು. 1940ರ ಸುಮಾರಿಗೆ ಅಮೆರಿಕದಲ್ಲಿ ಫ್ಲೂರೀನಿನ ಎರಡನೇ ಇಂಗಾಲಕ್ಕೆ ಒಂದು ಸಾರಜನಕದ ಗುಂಪು ಕಟ್ಟಿ ಕೀಟನಾಶಕ ಮಾಡಲು ಹೊರಟಿದ್ದರು. ಹೆಸರು 2-ಅಸಿಟೈಲ್ ಅಮೈನೊ ಫ್ಲೂರೀನ್. ಮಾರುಕಟ್ಟೆಗೆ ಬಿಡುವ ಮುಂಚೆ ಇಲಿಗಳಿಗೆ ತಿನ್ನಿಸಿ ನೋಡಿದರು. ಯಕೃತ್ತು, ಮೂತ್ರಕೋಶ, ಹಲವು ಕಡೆ ಗಡ್ಡೆಗಳು ಎದ್ದವು. 1941ರಲ್ಲಿ ವಿಲ್ಸನ್, ಡಿಈಡ್ಸ್ ಮತ್ತು ಕಾಕ್ಸ್ ಇದನ್ನು ಪ್ರಕಟಿಸಿದರು, ಕೀಟನಾಶಕದ ಯೋಜನೆ ಅಲ್ಲಿಗೇ ನಿಂತಿತು. ಮಾರಾಟಕ್ಕೆ ಮುಂಚೆ ಪರೀಕ್ಷೆ ಮಾಡಿದ್ದರಿಂದ ಎಷ್ಟು ಜನ ಉಳಿದರೋ ಯೋಚಿಸಿ. ಆಮೇಲೆ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಮತ್ತು ಎಲಿಜಬೆತ್ ಮಿಲ್ಲರ್ ದಂಪತಿ ಅದನ್ನೇ ಹಿಡಿದು ವರ್ಷಗಟ್ಟಲೆ ಕೂತರು. 1960ರಲ್ಲಿ ಇಲಿಯ ಮೂತ್ರದಿಂದ ಹೊಸ ವಸ್ತು ಒಂದನ್ನು ಬೇರ್ಪಡಿಸಿದರು. ದೇಹ ಆ ಸಾರಜನಕಕ್ಕೆ ಒಂದು ಆಮ್ಲಜನಕ ಸೇರಿಸುತ್ತಿತ್ತು. ಹಾಗೆ ಬದಲಾದ ವಸ್ತು ಮೂಲ ವಸ್ತುವಿಗಿಂತ ಹೆಚ್ಚು ಕೆಟ್ಟದ್ದು. ಗಿನಿ ಹಂದಿಯ ದೇಹ ಈ ಬದಲಾವಣೆ ಮಾಡುವುದಿಲ್ಲ, ಅದಕ್ಕೆ ಗಡ್ಡೆಯೂ ಬರಲಿಲ್ಲ. ಮೂಲ ವಸ್ತುವನ್ನಷ್ಟೇ ನೋಡಿದರೆ ಸಾಲದು, ಅದು ಏನಾಗಿ ಬದಲಾಗುತ್ತದೆ ನೋಡಬೇಕು ಅನ್ನುವುದನ್ನು ಕ್ಯಾನ್ಸರ್ ವಿಜ್ಞಾನಕ್ಕೆ ಕಲಿಸಿದ ವಸ್ತುಗಳಲ್ಲಿ ಇದೂ ಒಂದು. ಪರಿಸರಕ್ಕೂ ಅದೇ ಮಾತು.

ಗಾಳಿಯಲ್ಲಿ ಫ್ಲೂರೀನ್ ಹೆಚ್ಚಾಗಿ ಆವಿಯಾಗಿಯೇ ಇರುತ್ತದೆ. ಬಿಸಿಲು ಹುಟ್ಟಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅನ್ನುವ ತುಂಬಾ ಚುರುಕಿನ ಕಣ ಅದನ್ನು ಒಂದೆರಡು ದಿನದಲ್ಲಿ ಅರ್ಧಕ್ಕೆ ಇಳಿಸುತ್ತದೆ. ಮಣ್ಣಿಗೆ ಬಿದ್ದರೆ ಬೇರೆ ಲೆಕ್ಕ. ನೀರಿನಲ್ಲಿ ಇದು ಕರಗುವುದು ಲೀಟರಿಗೆ 2 ಮಿಲಿಗ್ರಾಂಗಿಂತ ಕಡಿಮೆ. ಎಣ್ಣೆಯಂಥ ಆಕ್ಟನಾಲ್ ಮತ್ತು ನೀರು ಎರಡನ್ನೂ ಕೊಟ್ಟರೆ ಆಕ್ಟನಾಲಿನಲ್ಲಿ ಸುಮಾರು 15,000 ಪಟ್ಟು ಜಾಸ್ತಿ ಸೇರಿಕೊಳ್ಳುತ್ತದೆ. ಹಾಗಾಗಿ ಮಣ್ಣಿನ ಸಾವಯವ ಭಾಗಕ್ಕೆ, ಕೆರೆಯ ತಳದ ಕೆಸರಿಗೆ ಅಂಟಿಕೊಂಡು ಕೂರುತ್ತದೆ. ಗಾಳಿ ಆಡುವ ಮಣ್ಣಿನಲ್ಲಿ ವಾರಗಳಿಂದ ತಿಂಗಳುಗಳಲ್ಲಿ ಒಡೆದು ಹೋಗಬಹುದು. ಆಮ್ಲಜನಕ ಇಲ್ಲದ ಕೆಸರಿನಲ್ಲಿ ಬಹಳ ನಿಧಾನ.

ಮಣ್ಣಿನಲ್ಲಿ ಇದನ್ನು ತಿಂದು ಒಡೆಯುವ ಬ್ಯಾಕ್ಟೀರಿಯಾಗಳು ಯಾವುವು? ಹುಡುಕುವ ವಿಧಾನ ನೋಡಲು ಚೆಂದ. ಉಪ್ಪುಗಳು ಮಾತ್ರ ಇರುವ, ತಿನ್ನಲು ಏನೂ ಇಲ್ಲದ ಅಗರ್ ತಟ್ಟೆಯ ಮೇಲೆ ಮಣ್ಣಿನ ನೀರು ಹರಡುತ್ತಾರೆ. ಫ್ಲೂರೀನನ್ನು ಈಥರಿನಲ್ಲಿ ಕರಗಿಸಿ ಮೇಲೆ ಸಿಂಪಡಿಸುತ್ತಾರೆ. ಈಥರ್ ಹಾರಿಹೋಗಿ ತಟ್ಟೆಯ ಮೇಲೆ ಮಂಜು ಕವಿದ ಹಾಗೆ ಬಿಳಿ ಪೊರೆ ಉಳಿಯುತ್ತದೆ. ಕೆಲವು ದಿನ ಬಿಟ್ಟು ನೋಡಿದರೆ ಅಲ್ಲಲ್ಲಿ ಸಣ್ಣ ಚುಕ್ಕೆಗಳಂಥ ಗುಂಪು ಬೆಳೆದಿರುತ್ತವೆ, ಅವುಗಳಲ್ಲಿ ಕೆಲವುದರ ಸುತ್ತ ಬಿಳಿ ಹೋಗಿ ತಟ್ಟೆ ತಿಳಿಯಾಗಿರುತ್ತದೆ. ತಿಳಿ ಬಳೆ ಹಾಕಿಕೊಂಡ ಚುಕ್ಕೆ ಹುಡುಕಬೇಕು. 1990ರ ದಶಕದಲ್ಲಿ ಮಗ್ದಲೇನಾ ಗ್ರಿಫೊಲ್ ಮತ್ತು ಜೊತೆಗಾರರು ಆರ್ಥ್ರೋಬ್ಯಾಕ್ಟರ್ ಮತ್ತು ಸ್ಯೂಡೊಮೊನಾಸ್ ಜಾತಿಯ ತಳಿಗಳನ್ನು ಹಿಡಿದು ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ಬಿಡಿಸಿಟ್ಟರು. ಜಪಾನಿನಲ್ಲಿ ಟೆರ‍್ರಾಬ್ಯಾಕ್ಟರ್ ಡಿಬಿಎಫ್63 ಅನ್ನುವ ತಳಿಯ ಜೀನುಗಳನ್ನೂ ಗುರುತಿಸಿದರು.

ದಾರಿಗಳು ಒಂದಕ್ಕಿಂತ ಹೆಚ್ಚಿವೆ. ಕೆಲವು ತಳಿಗಳು ಪಕ್ಕದ ಉಂಗುರವನ್ನೇ ಮೊದಲು ಒಡೆಯುತ್ತವೆ. ಇನ್ನು ಕೆಲವು ಶುರು ಮಾಡುವುದು ನಮ್ಮ ಒಂಬತ್ತನೇ ಇಂಗಾಲದಿಂದ. ಅಲ್ಲಿ ಮೊದಲು ಒಂದು ಆಮ್ಲಜನಕ ಸೇರಿ ಫ್ಲೂರಿನಾಲ್, ಆಮೇಲೆ ಫ್ಲೂರಿನೋನ್. ನಂತರ ಒಂದು ವಿಶೇಷ ಕಿಣ್ವ, ಎರಡು ಉಂಗುರ ಸೇರುವ ಮೂಲೆಗೇ ಆಮ್ಲಜನಕ ನುಗ್ಗಿಸುತ್ತದೆ. ಮಧ್ಯದ ಐದು ಮೂಲೆಯ ಉಂಗುರವನ್ನು ಆಮೇಲೆ ಇನ್ನೊಂದು ಕಿಣ್ವ ಬಿಚ್ಚುತ್ತದೆ. ಅಲ್ಲಿಂದ ಥ್ಯಾಲಿಕ್ ಆಮ್ಲ, ಪ್ರೊಟೊಕ್ಯಾಟೆಚುಯಿಕ್ ಆಮ್ಲ, ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಎಷ್ಟು ಚೊಕ್ಕ ಕೆಲಸ ನೋಡಿ. ಪಾಲಿಫ್ಲೂರೀನ್ ಕೆಡಿಸಿದ ಅದೇ ಹೆಜ್ಜೆ ಇಲ್ಲಿ ಮಣ್ಣು ಶುಚಿ ಮಾಡುವ ಮೊದಲ ಹೆಜ್ಜೆ.

ಆದರೆ ಆ ಮೂಲೆಯ ಕಿಣ್ವ ಎಲ್ಲರ ಹತ್ತಿರವೂ ಇಲ್ಲ. ಇಲ್ಲದವರು ಫ್ಲೂರಿನೋನ್ ತನಕ ತಂದು ಕೈಬಿಡುತ್ತಾರೆ. ತಟ್ಟೆಯಲ್ಲಿ ಬಿಳಿ ಮಾಯವಾಗಿರುತ್ತದೆ, ಮಣ್ಣಿನ ವರದಿಯಲ್ಲಿ ಫ್ಲೂರೀನ್ ಇಳಿದಿರುತ್ತದೆ, ಆದರೆ ಕೆಲಸ ಮುಗಿದಿರುವುದಿಲ್ಲ. ಫ್ಲೂರಿನೋನ್ ನೀರಿನಲ್ಲಿ ಹಲವು ಪಟ್ಟು ಜಾಸ್ತಿ ಕರಗುತ್ತದೆ, ಅಂದರೆ ಮಣ್ಣಿನಿಂದ ಕೆಳಗಿನ ನೀರಿಗೆ ಇಳಿಯುವುದು ಸುಲಭ. ಅದು ಆ 16ರ ಪಟ್ಟಿಯಲ್ಲೇ ಇಲ್ಲ. ಪಟ್ಟಿಯಲ್ಲಿ ಇರುವುದನ್ನಷ್ಟೇ ಅಳೆಯುವ ಲ್ಯಾಬಿಗೆ ಅದು ಕಾಣುವುದಿಲ್ಲ. ಮಣ್ಣು ಶುಚಿ ಮಾಡಿದ್ದೇವೆ ಅನ್ನುವವರನ್ನು ಫ್ಲೂರಿನೋನ್ ಅಳೆದಿರಾ ಅಂತ ಕೇಳಿ. ವಿಕಿರಣ ಇಂಗಾಲ 14ರಿಂದ ಗುರುತು ಹಾಕಿದ ಫ್ಲೂರೀನ್ ಕೊಟ್ಟು, ಎಷ್ಟು ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಹೊರಬಂತು ಅಂತ ಲೆಕ್ಕ ಹಾಕಿದರೆ ನಿಜ ಗೊತ್ತಾಗುತ್ತದೆ.

ಬೆಂಗಳೂರಿಗೂ ಈ ಕ್ಷೇತ್ರದಲ್ಲಿ ಒಂದು ಹೆಮ್ಮೆಯ ಜಾಗ ಇದೆ. ಇಲ್ಲಿಯ ಪೆಟ್ರೋಲ್ ಬಂಕಿನ ಮಣ್ಣಿನಲ್ಲಿ ಸಿಕ್ಕ ಸಿಎಸ್‌ವಿ86 ಅನ್ನುವ ಸ್ಯೂಡೊಮೊನಾಸ್ ನ್ಯಾಫ್ತಲೀನ್ ತಿನ್ನುತ್ತದೆ. ವಿಶೇಷ ಅಂದರೆ, ಗ್ಲೂಕೋಸ್ ಮತ್ತು ಇಂಥ ಉಂಗುರದ ವಸ್ತು ಎರಡನ್ನೂ ಮುಂದಿಟ್ಟರೆ ಇದು ಮೊದಲು ಉಂಗುರಕ್ಕೇ ಬಾಯಿ ಹಾಕುತ್ತದೆ. ಬೇರೆ ಸಾಮಾನ್ಯ ಬ್ಯಾಕ್ಟೀರಿಯಾ ಸಕ್ಕರೆ ಸಿಕ್ಕರೆ ಕೊಳಕು ಮುಟ್ಟುವುದಿಲ್ಲ. ಐಐಟಿ ಬಾಂಬೆಯ ಪ್ರಶಾಂತ್ ಫಳೆ ಅವರ ತಂಡ ಇದನ್ನು ವರ್ಷಗಳಿಂದ ಅಭ್ಯಾಸ ಮಾಡುತ್ತಿದೆ. ಇದು ಫ್ಲೂರೀನಿನ ಕೆಲಸ ಅಲ್ಲ, ಅದರ ನೆಂಟನ ಕೆಲಸ. ಆದರೆ ನಿಜವಾದ ಮಣ್ಣಿನಲ್ಲಿ ಬೇರೆ ಆಹಾರ ಇದ್ದೇ ಇರುತ್ತದೆ, ಆದ್ದರಿಂದ ಇಂಥ ರುಚಿ ಇರುವ ಜೀವಿ ಬಹಳ ಬೆಲೆಯುಳ್ಳದ್ದು.

ಈಗ ಪಾಲಿಫ್ಲೂರೀನ್, ಲೆನ್ಸು, ಪರದೆಯ ಕಡೆಗೆ ಮತ್ತೆ ನೋಡಿ. ಅವು ಬಾಳಿಕೆ ಬರಲಿ ಅಂತ ನಾವು ಒಂಬತ್ತನೇ ಇಂಗಾಲದ ಎರಡೂ ಹೈಡ್ರೋಜನ್ ತೆಗೆದು ಮುಚ್ಚಿದ್ದೇವೆ. ಸೂಕ್ಷ್ಮಜೀವಿಗಳ ಸುಲಭದ ಬಾಗಿಲು ಅದೇ. ಒಳಗೆ ಹೋಗಲು ಅವಕ್ಕೆ ಬೇರೆ, ಕಷ್ಟದ ದಾರಿಗಳೇ ಉಳಿಯುತ್ತವೆ. ಹಾಗಂತ ಇವನ್ನು ಮಾಡಬೇಡಿ ಅಂತ ನಾನು ಹೇಳುವುದಿಲ್ಲ, ಸೌರಕೋಶ ಬೇಕು, ಔಷಧಿ ಬೇಕು. ಆದರೆ ಹೊಸ ಅಣುವಿನ ಪ್ರಬಂಧ ಬರೆಯುವಾಗ ಬೆಳಕಿನ ದಕ್ಷತೆ, ಬಾಳಿಕೆಯ ಗಂಟೆ ಎಲ್ಲ ಬರೆಯುತ್ತೇವೆ. ಅದರ ಪಕ್ಕದಲ್ಲೇ, ಮಣ್ಣಿನಲ್ಲಿ ಇಟ್ಟಾಗ ಇದು ಏನಾಯಿತು ಅನ್ನುವ ಒಂದು ಸಾಲೂ ಬರಲಿ. ಎಳೆಯ ನಡುವೆ ನೀರಿಗೆ ಒಡೆಯುವ ಎಸ್ಟರ್ ಬಂಧ ಇಟ್ಟರೆ ಕನಿಷ್ಠ ತುಂಡಾಗುತ್ತದೆ. ಆದರೆ ತುಂಡಾದ ಮೇಲೆ ಬಿಎಚ್‌ಪಿಎಫ್‌ನಂಥದ್ದು ಹೊರಬಂದರೆ ಅದೂ ಪರಿಹಾರ ಅಲ್ಲ, ತುಂಡನ್ನೂ ಪರೀಕ್ಷಿಸಬೇಕು.

ಆಮೇಲೆ ಪ್ರಶ್ನೆಗಳು ಬಂದವು.

ಮನೆಯ ಹಳೆಯ ರೈಲ್ವೆ ಸ್ಲೀಪರ್ ಮರದ ಬಗ್ಗೆ ಹಿರಿಯರೊಬ್ಬರು ಕೇಳಿದರು. ಗೇಟಿಗೆ, ಬೆಂಚಿಗೆ ಹಾಕಿಸಿದ್ದಾರಂತೆ, ಉಳಿದ ತುಂಡನ್ನು ಹಂಡೆ ಒಲೆಗೆ ಹಾಕಬಹುದಾ ಅಂತ. ದಯವಿಟ್ಟು ಬೇಡ ಸರ್. ಕ್ರಿಯೋಸೋಟ್ ಕುಡಿಸಿದ ಮರ ಅದಾಗಿದ್ದರೆ, ಕ್ರಿಯೋಸೋಟ್ ಅಂದರೆ ಕಲ್ಲಿದ್ದಲಿನ ಟಾರಿನ ಎಣ್ಣೆಯೇ. ಫ್ಲೂರೀನ್ ಮಾತ್ರ ಅಲ್ಲ, ಅದಕ್ಕಿಂತ ಕೆಟ್ಟದ್ದೂ ಹೊಗೆಯಲ್ಲಿ ಬರುತ್ತದೆ. ಬೆಂಚಿನ ಮೇಲೆ ಬರಿಮೈಯಲ್ಲಿ ಕೂರುವುದೂ ಒಳ್ಳೆಯದಲ್ಲ.

ಬಿಪಿಎ ಇಲ್ಲ ಅಂತ ಬರೆದ ಬಾಟಲಿ ಎಸೆಯಬೇಕಾ ಅಂತ ಒಬ್ಬ ತಾಯಿ ಕೇಳಿದರು. ಎಸೆಯಿರಿ ಅಂತ ನಾನು ಹೇಳುವುದಿಲ್ಲ ಅಮ್ಮ. ಬಿಸಿ ಹಾಲು, ಬಿಸಿನೀರು ಅದಕ್ಕೆ ಹಾಕಬೇಡಿ. ಬಿಸಿ ಏನಿದ್ದರೂ ಸ್ಟೀಲಿಗೋ ಗಾಜಿಗೋ ಹಾಕಿ.

ಎಂಎಸ್ಸಿ ಹುಡುಗಿಯೊಬ್ಬಳು ಅಣಬೆಯ ಬಗ್ಗೆ ಕೇಳಿದಳು. ಒಳ್ಳೆಯ ಪ್ರಶ್ನೆ, ನಾನು ಉಪನ್ಯಾಸದಲ್ಲಿ ಬಿಟ್ಟಿದ್ದೆ. ಮಾರುಕಟ್ಟೆಯಲ್ಲಿ ಸಿಗುವ ಚಿಪ್ಪು ಅಣಬೆ, ಅದೇ ಆಯ್ಸ್ಟರ್ ಮಶ್ರೂಮ್, ಮರದ ಲಿಗ್ನಿನ್ ಒಡೆಯುವ ಜಾತಿ. ಅದು ಫ್ಲೂರೀನನ್ನೂ ಮುಟ್ಟುತ್ತದೆ ಅಂತ 1996ರಲ್ಲೇ ತೋರಿಸಿದ್ದಾರೆ, ಅಲ್ಲೂ ಸಿಕ್ಕಿದ್ದು ಫ್ಲೂರಿನಾಲ್ ಮತ್ತು ಫ್ಲೂರಿನೋನ್. ಅಂದರೆ ಅಣಬೆ ಮೊದಲ ಹೆಜ್ಜೆ ಇಡುತ್ತದೆ, ಮುಂದಿನದಕ್ಕೆ ಬ್ಯಾಕ್ಟೀರಿಯಾ ಬೇಕಾಗಬಹುದು. ಎರಡನ್ನೂ ಸೇರಿಸಿ, ಫ್ಲೂರಿನೋನ್ ಪ್ರಮಾಣವನ್ನು ವಾರವಾರ ಅಳೆಯುತ್ತಾ ಹೋದರೆ ಅದೊಂದು ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ದುಬಾರಿ ಯಂತ್ರವೇ ಬೇಕಂತಿಲ್ಲ, ಶುರುವಿಗೆ ಮಿಶ್ರಣವನ್ನು ಬೇರ್ಪಡಿಸಿ ತೋರಿಸುವ ಟಿಎಲ್‌ಸಿ ಪ್ಲೇಟಿನ ಮೇಲೆ ಓಡಿಸಿ ನೋಡಿ, ನೇರಳಾತೀತ ದೀಪದ ಕೆಳಗೆ ಎರಡೂ ಬೇರೆ ಬೇರೆ ಎತ್ತರದಲ್ಲಿ ಕಾಣುತ್ತವೆ, ಫ್ಲೂರಿನೋನ್ ಕೆಳಗೆ ಉಳಿಯುತ್ತದೆ. ಅಣಬೆ ಹಾಕದ ಮಣ್ಣನ್ನೂ, ಕುದಿಸಿ ಕೊಂದ ಅಣಬೆ ಹಾಕಿದ ಮಣ್ಣನ್ನೂ ಪಕ್ಕದಲ್ಲಿ ಇಡುವುದು ಮರೆಯಬೇಡಮ್ಮ. ಇಲ್ಲದಿದ್ದರೆ ಆವಿಯಾಗಿ ಹೋದದ್ದು ಎಷ್ಟು, ಅಣಬೆಗೆ ಅಂಟಿಕೊಂಡದ್ದು ಎಷ್ಟು, ನಿಜವಾಗಿ ಒಡೆದದ್ದು ಎಷ್ಟು ಅಂತ ಹೇಳಲು ಬರುವುದಿಲ್ಲ. ಆ ಅಣಬೆಯನ್ನು ಆಮೇಲೆ ತಿನ್ನಬಹುದಾ ಅಂತ ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಬೇಡ, ಅಂಥ ಮಣ್ಣಿನಲ್ಲಿ ಬೆಳೆದದ್ದನ್ನು ತಿನ್ನಲೇಬಾರದು.